ಸೊನ್ನೆಯ ರಕ್ತ

ಚಳ್ಳಕೆರೆಯಲ್ಲಿ ಆ ಕಾಲಕ್ಕೆ ಯುಗಾದಿ ಎಂದರೆ ಮೊದಲು ಎಣ್ಣೆಸ್ನಾನ, ಆಮೇಲೆ ಬೇವು-ಬೆಲ್ಲ, ಆಮೇಲೆ ಪಂಚಾಂಗ ಕೇಳುವುದು, ಕೊನೆಗೆ ರಕ್ತಪರೀಕ್ಷೆಯ ಕಮಟು ಪಟ್ಟಿ. ಈ ಕೊನೆಯದು ಯಾವ ಶಾಸ್ತ್ರದಲ್ಲೂ ಇರಲಿಲ್ಲ. ಆರೋಗ್ಯ ಇಲಾಖೆಯವರು ವರ್ಷಕ್ಕೊಮ್ಮೆ ಮನೆಗೊಂದು ಪೊಟ್ಟಣ ಹಂಚುತ್ತಿದ್ದದ್ದು ಹಬ್ಬದ ಹಿಂದಿನ ವಾರ. ಹೇಗಿದ್ದರೂ ಮನೆಮಂದಿ ಸೇರಿರುತ್ತಾರಲ್ಲ ಎಂದು ಯಾರೋ ಒಬ್ಬ ಯಜಮಾನಿ ಹಬ್ಬದ ದಿನವೇ ಎಲ್ಲರ ಬೆರಳು ಚುಚ್ಚಿದಳು. ಮರುವರ್ಷ ಓಣಿಗೆ ಓಣಿಯೇ ಚುಚ್ಚಿಕೊಂಡಿತು. ನಾಲ್ಕಾರು ವರ್ಷದೊಳಗೆ ಅದು ಮುತ್ತಜ್ಜನ ಕಾಲದಿಂದ ನಡೆದುಬಂದದ್ದೇನೋ ಎನ್ನುವಷ್ಟು ಗಟ್ಟಿಯಾಗಿ ಬೇರೂರಿಬಿಟ್ಟಿತು. ನಮ್ಮ ಜನ ಹೀಗೆಯೇ. ಹೊಸದನ್ನು ಒಪ್ಪಿಕೊಳ್ಳಲು ಅದಕ್ಕೊಂದು ಹಬ್ಬದ ನೆಪ ಬೇಕು, ಅಷ್ಟೆ.

ಪಟ್ಟಿ ಬಿಳಿಯಾಗಿ ಉಳಿದರೆ ಅದನ್ನು ಮಾವಿನ ತೋರಣದ ಜೊತೆ ತಲೆಬಾಗಿಲಿಗೆ ಸಿಕ್ಕಿಸುವುದು. ಕಂದು ಗೆರೆ ಮೂಡಿದರೆ ಸದ್ದಿಲ್ಲದೆ ಆಸ್ಪತ್ರೆಯ ದಾರಿ ಹಿಡಿಯುವುದು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆಗೆ ಕೈ ಹಾಕುವ ಮೊದಲು ಬಾಗಿಲ ಮೇಲೊಮ್ಮೆ ಕಣ್ಣಾಡಿಸುತ್ತಿದ್ದರು. ಕುಡಿಯದವರ ಲಿವರೂ ಕೆಡುತ್ತದೆ ಎಂಬ ತಿಳಿವಳಿಕೆ ಊರಿಗೆ ಬಂದದ್ದೂ ಈ ಪಟ್ಟಿಯಿಂದಲೇ. ಮೊದಲ ವರ್ಷ ಕಂದು ಬಂದ ಸಾಧು ಗಂಡಸರು ಹೆಂಡತಿಯರ ಮುಂದೆ ಆಣೆ-ಪ್ರಮಾಣ ಮಾಡಿ ಸುಸ್ತಾಗಿದ್ದರು. ದೇವರ ಪೂಜೆ ಬಿಟ್ಟು ಬೇರೇನೂ ಅರಿಯದ ಮುದುಕಿಯರಿಗೂ ಕಂದು ಬಂದ ಮೇಲೆಯೇ ಆ ಗಂಡಸರು ನೆಮ್ಮದಿಯ ಉಸಿರು ಬಿಟ್ಟದ್ದು.

ಎಣ್ಣೆ ಮಿಲ್ಲುಗಳ ಊರಿಗೆ ಕಮಟು ಎಂದರೇನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಶೇಂಗಾ ಎಣ್ಣೆ ಗಾಳಿ-ಬಿಸಿಲಿಗೆ ಬಿದ್ದು ಹಳತಾದರೆ ಮೂಗಿಗೆ ಹೊಡೆಯುವ ವಾಸನೆಯೇ ಕಮಟು. ರಕ್ತದಲ್ಲಿ ತೇಲುವ ಕೊಲೆಸ್ಟರಾಲ್ ಕಣಗಳಿಗೂ ಹೀಗೆ ಆಮ್ಲಜನಕ ತಾಗಿ ಕಮಟು ಹಿಡಿಯುತ್ತದೆ. ಚೆನ್ನಾಗಿರುವ ಯಕೃತ್ತು ಹಳೆಯ ಕಣಗಳನ್ನು ಹೊತ್ತುಹೊತ್ತಿಗೆ ಎತ್ತಿ ವಿಲೇವಾರಿ ಮಾಡುತ್ತದೆ. ಯಕೃತ್ತು ಸೋತರೆ ಅವು ಸುತ್ತುತ್ತಲೇ ಕೆಡುತ್ತವೆ, ಕೆಟ್ಟದ್ದು ಮತ್ತೆ ಯಕೃತ್ತನ್ನೇ ಕೆಡಿಸುತ್ತದೆ. ಹೊಟ್ಟೆ ಊದಿ ಕಣ್ಣು ಹಳದಿಯಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಆದರೆ ಅದಕ್ಕೂ ವರ್ಷಗಳ ಮೊದಲೇ ರಕ್ತದಲ್ಲಿ ಕಮಟು ಏರತೊಡಗಿರುತ್ತದೆ. ಒಳ್ಳೆಯ ಕಣಕ್ಕೂ ಕೆಟ್ಟ ಕಣಕ್ಕೂ ಇರುವ ಕೂದಲೆಳೆಯ ವ್ಯತ್ಯಾಸವನ್ನು ಗುರುತಿಸುವ ಒಂದು ಪ್ರತಿಕಾಯವನ್ನು ಊರಾಚೆಯ ಹುಲ್ಲುಗಾವಲಿನಲ್ಲಿದ್ದ ಸಂಶೋಧನಾಲಯದವರು ಇಲಿಯ ಜೀವಕೋಶಗಳಿಂದ ಬೆಳೆಸಿದ್ದರು. ಶಾಲೆ ಬಿಟ್ಟಾಗ ನುಗ್ಗಿ ಬರುವ ಮಕ್ಕಳ ಹಿಂಡಿನಲ್ಲಿ ತಾಯಿ ತನ್ನ ಮಗುವಿನ ಕೈಯನ್ನಷ್ಟೇ ಹಿಡಿಯುವ ಹಾಗೆ, ಅದು ಕಮಟು ಕಣವನ್ನಷ್ಟೇ ಹಿಡಿಯುತ್ತಿತ್ತು.

ಪಟ್ಟಿಯಲ್ಲಿ ಎರಡು ಕಿಂಡಿ. ಒಂದಕ್ಕೆ ನಿಮ್ಮ ರಕ್ತದ ಹನಿ. ಇನ್ನೊಂದರಲ್ಲಿ, ತಯಾರಿಸುವಾಗಲೇ ಒಣಗಿಸಿಟ್ಟ, ಆರೋಗ್ಯವಂತರೊಬ್ಬರ ರಕ್ತಸಾರ. ಪಟ್ಟಿ ತಕ್ಕಡಿಯಂತೆ ಎರಡನ್ನೂ ತೂಗಿ, ನಿಮ್ಮಲ್ಲಿ ಕಮಟು ಹೆಚ್ಚಿದ್ದರೆ ಮಾತ್ರ ಕಂದು ಗೆರೆ ಎಳೆಯುತ್ತಿತ್ತು. ಆ ಎರಡನೆಯ ಕಿಂಡಿಯ ರಕ್ತಕ್ಕೆ ಸಂಶೋಧನಾಲಯದವರು ಇಟ್ಟ ಹೆಸರು ಸೊನ್ನೆ. ರಾಜ್ಯದಲ್ಲಿ ಹಂಚುತ್ತಿದ್ದ ಪ್ರತಿಯೊಂದು ಪಟ್ಟಿಯ ಸೊನ್ನೆಯೂ ದಾಕ್ಷಾಯಿಣಿಯ ರಕ್ತವೇ.

ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಆರೋಗ್ಯವಂತರ ರಕ್ತ ಬೇಕಾದಾಗ ಪ್ರಯೋಗಾಲಯದವರು ಊರೆಲ್ಲ ಹುಡುಕಲು ಹೋಗುವುದಿಲ್ಲ, ಪಕ್ಕದ ಕುರ್ಚಿಯವರ ತೋಳು ಹಿಡಿಯುತ್ತಾರೆ. ಆ ದಿನ ಒಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬರಿಗೆ ಬಿಪಿ, ನಿರ್ದೇಶಕಿ ಡಾಕ್ಟರ್ ನೂರುನ್ನೀಸಾ ಅವರಿಗೆ ಥೈರಾಯ್ಡ್. ಊರಿನಿಂದ ಸೈಕಲ್ ತುಳಿದು ಬೆವರುತ್ತ ಬಂದವಳು ಆಗಷ್ಟೇ ಕೆಲಸಕ್ಕೆ ಸೇರಿದ್ದ ದಾಕ್ಷಾಯಿಣಿ ಒಬ್ಬಳೇ. ಎಲ್ಲ ಬಗೆಯಲ್ಲೂ ಪರೀಕ್ಷಿಸಿದ ಮೇಲೆ ನೂರುನ್ನೀಸಾ, "ನಿನ್ನ ರಕ್ತ ಚಿನ್ನ ಕಣೆ" ಎಂದಿದ್ದರು. ಮೂರು ವರ್ಷದ ಹಿಂದೆ ಆ ಮೊದಲ ದಾಸ್ತಾನು ಮುಗಿಯುತ್ತ ಬಂದಾಗ ಸಭೆ ಸೇರಿತು. ಬೇರೆಯವರ ರಕ್ತ ಹಾಕಿದರೆ ಸೊನ್ನೆ ಬದಲಾಗುತ್ತದೆ, ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ತಾಳೆಯಾಗುವುದಿಲ್ಲ, ಅದೇ ತೋಳಿನಿಂದಲೇ ತೆಗೆಯುವುದು ಮೇಲು ಎಂದು ತೀರ್ಮಾನವಾಯಿತು. ಎಲ್ಲರಿಗೂ ಅದು ಬಹಳ ವಿವೇಕದ ಮಾತಾಗಿ ಕಂಡಿತು. ವಿವೇಕದ ಮಾತುಗಳಲ್ಲಿ ಇದೊಂದು ತೊಂದರೆ, ಯಾರೂ ಎರಡನೇ ಸಲ ಯೋಚಿಸುವುದಿಲ್ಲ.

ಈ ಗೌರವ ಮನೆಯಲ್ಲೂ ನಡೆಯುತ್ತಿತ್ತು. ದಾಕ್ಷಾಯಿಣಿ ಮದುವೆಯಾಗಿರಲಿಲ್ಲ. ಅಣ್ಣ ತಿಪ್ಪೇರುದ್ರನ ಮನೆಯ ಮಹಡಿಯಲ್ಲಿದ್ದಳು. ತಿಪ್ಪೇರುದ್ರ ಅಪ್ಪನ ಕಾಲದ ಎಣ್ಣೆ ಮಿಲ್ಲು ನಡೆಸುತ್ತಿದ್ದ, ಮಾತಿಗೆ ನಿಂತರೆ ಗಿರಾಕಿಗಳು ಬಂದ ಕೆಲಸ ಮರೆಯಬೇಕು. "ಎಣ್ಣೆ ನಂದು, ರಕ್ತ ನಮ್ ದಾಕ್ಷೀದು. ರಾಜ್ಯಕ್ಕೆಲ್ಲ ನಮ್ಮನೇದೇ ಸಪ್ಲೈ" ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ಯುಗಾದಿಯ ದಿನ ಎಲ್ಲರ ಬೆರಳು ಚುಚ್ಚುತ್ತ ಬಂದ ಅತ್ತಿಗೆ ಹಾಲಮ್ಮ ನಾದಿನಿಯ ಮುಂದೆ ಸೂಜಿ ಹಿಡಿದರೆ, "ಅವ್ಳಿಗ್ಯಾಕೆ ಚುಚ್ತೀಯ? ಸೊನ್ನೇನ ಸೊನ್ನೆ ಜೊತೆ ತೂಗ್ತಾರೇನೇ?" ಎಂದು ತಡೆಯುತ್ತಿದ್ದ. ಎಲ್ಲರೂ ನಗುತ್ತಿದ್ದರು, ದಾಕ್ಷಾಯಿಣಿಯೂ. ಇಷ್ಟು ವರ್ಷಗಳಲ್ಲಿ ಅವಳು ಒಂದು ಸಲವೂ ತನ್ನ ಬೆರಳು ಚುಚ್ಚಿಕೊಂಡಿರಲಿಲ್ಲ.

ಆ ವರ್ಷ ಮನೆಯಲ್ಲಿ ನಗು ಇರಲಿಲ್ಲ. ಸಂಕ್ರಾಂತಿ ಕಳೆದದ್ದೇ ತಿಪ್ಪೇರುದ್ರನ ಕಣ್ಣು ಹಳದಿಯಾಯಿತು, ಕಾಲು ಬಾತುಕೊಂಡಿತು. ದೊಡ್ಡಾಸ್ಪತ್ರೆಯವರು ನೋಡಿ, ಯಕೃತ್ತು ಗಂಟುಗಂಟಾಗಿ ಗಡುಸಾಗಿದೆ, ಬದಲಿಸುವುದೊಂದೇ ದಾರಿ ಎಂದರು. ಜೀವಂತ ಮನುಷ್ಯನ ಯಕೃತ್ತಿನ ಅರ್ಧ ಕತ್ತರಿಸಿ ಕೂರಿಸಿದರೆ ಅಲ್ಲೂ ಇಲ್ಲೂ ಬೆಳೆದು ತುಂಬಿಕೊಳ್ಳುತ್ತದೆ. ಆದರೆ ರಕ್ತದ ಗುಂಪು ಹೊಂದಿದ್ದು ತಂಗಿಯದು ಮಾತ್ರ. ಯಕೃತ್ತಿನ ಅಳತೆಗೆ ಸ್ಕ್ಯಾನು, ಒಳಗಿನ ಗುಣಕ್ಕೆ ಕಮಟು ಪಟ್ಟಿ, ಆಗ ನಡೆಯುತ್ತಿದ್ದದ್ದು ಹಾಗೆ. ಜೀವನದಲ್ಲಿ ಮೊದಲ ಸಲ ದಾಕ್ಷಾಯಿಣಿ ಪಟ್ಟಿಗೆ ರಕ್ತ ಕೊಟ್ಟಳು. ಹಾಲಿನಂಥ ಬಿಳಿ ಬಂತು. ಯುಗಾದಿಯ ಮಾರನೆಯ ವಾರಕ್ಕೆ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಯಿತು.

"ಎರಡು ಯುಗಾದಿ ಬಿಳಿ ಬಂದಿದ್ದ ಮನುಷ್ಯನಿಗೆ ಹಿಂಗ್ಯಾಕಾಯ್ತು?" ಎಂದು ಹಾಲಮ್ಮ ಮತ್ತೆ ಮತ್ತೆ ಕೇಳುತ್ತಿದ್ದಳು. ಕೆಲವರಲ್ಲಿ ದಿಢೀರನೆ ಏರುತ್ತದೆ ಎಂದು ವೈದ್ಯರು ಹೇಳಿದ್ದನ್ನೇ ದಾಕ್ಷಾಯಿಣಿ ಹೇಳಿದಳು. ಅವಳೂ ಹಾಗೆಯೇ ನಂಬಿದ್ದಳು.

ಹಬ್ಬಕ್ಕೆ ಎರಡು ದಿನವಿತ್ತು. ಹಾಲಮ್ಮ ಹೋಳಿಗೆಗೆಂದು ಅಟ್ಟದಿಂದ ಎಣ್ಣೆ ಡಬ್ಬ ಇಳಿಸಿ ಮುಚ್ಚಳ ತೆಗೆದವಳು ಮುಖ ಸಿಂಡರಿಸಿದಳು.

"ಅಯ್ಯೋ, ಇದಕ್ಕೆ ಕಮಟು ಹತ್ತೈತೆ. ಸೋಪು ಮಾಡೋರಿಗೆ ಕೊಟ್ಟುಬಿಡು ದಾಕ್ಷಿ."

"ಕಾಯಿಸಿದ್ರೆ ಹೋಗಲ್ವ ಅತ್ತಿಗೆ?" ಎಂದಳು ದಾಕ್ಷಾಯಿಣಿ, ಬೇರೇನೋ ಯೋಚಿಸುತ್ತ.

"ಮಿಲ್ಲಿನ ಮನೇಲಿ ಹುಟ್ಟಿ ಇದೇನ್ ಮಾತು! ಕಾಯಿಸಿದ್ರೆ ಇನ್ನೂ ಜಾಸ್ತಿ ಆಗ್ತೈತೆ. ಕಮಟಾದ ಎಣ್ಣೆ ತಿರುಗಾ ಒಳ್ಳೇದಾಗಿದ್ದು ಎಲ್ಲಾದ್ರೂ ಕಂಡಿದೀಯ?"

ದಾಕ್ಷಾಯಿಣಿ ಡಬ್ಬ ಎತ್ತಿಕೊಂಡು ಹಿತ್ತಲ ಬಾಗಿಲವರೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಸಂಶೋಧನಾಲಯದ ಶೀತಪೆಟ್ಟಿಗೆಯಲ್ಲಿ ಮೊದಲ ವರ್ಷದ ರೋಗಿಗಳ ರಕ್ತ ಇತ್ತು, ಖಚಿತವಾಗಿ ಕಂದು ಬಂದಿದ್ದ ರಕ್ತ. ಹೊಸ ಪಟ್ಟಿ ತಯಾರಾದಾಗಲೆಲ್ಲ ಅದರ ಮೇಲೆ ಹಾಕಿ ನೋಡುವುದು ರೂಢಿ. ಹೊಸ ದಾಸ್ತಾನು ಬಂದಾಗಿನಿಂದ ಅವುಗಳ ಕಂದು ಒಂದಿಷ್ಟು ತಿಳಿಯಾಗಿ ಕಾಣುತ್ತಿತ್ತು. ಹಳೆಯ ಮಾದರಿಯಲ್ಲವೇ, ಬಣ್ಣ ಇಳಿದಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಅಂದುಕೊಂಡಿದ್ದಳು. ಆದರೆ ಕಮಟು ಇಳಿಯುವುದುಂಟೆ? ಶೀತದಲ್ಲಿಟ್ಟರೆ ನಿಧಾನವಾಗಿ ಏರಬಹುದು, ಇದ್ದಲ್ಲೇ ಇರಬಹುದು, ಕಡಿಮೆಯಂತೂ ಆಗಲಾರದು. ಮಾದರಿ ಬದಲಾಗಿಲ್ಲವೆಂದರೆ, ಬದಲಾದದ್ದು ಅದನ್ನು ತೂಗುವ ಕಲ್ಲು. ಎಣ್ಣೆ ಡಬ್ಬವನ್ನು ಅವಳು ಹೊಸ್ತಿಲ ಮೇಲೆ ಇಳಿಸಿದಳು.

ಮರುದಿನ ಬೆಳಿಗ್ಗೆ ಅವಳು ಪ್ರಯೋಗಾಲಯದಲ್ಲಿ ಶೀತಪೆಟ್ಟಿಗೆಯ ತಳದವರೆಗೂ ಕೈ ಹಾಕಿ ಹುಡುಕಿದಳು. ಮೊದಲ ದಾಸ್ತಾನಿನ ಒಂದು ಪುಟ್ಟ ಕೊಳವೆ ಉಳಿದಿತ್ತು. ತಳದಲ್ಲಿ ನಾಲ್ಕು ಹನಿಯಷ್ಟು ಹೆಪ್ಪುಗಟ್ಟಿದ ರಕ್ತಸಾರ. ಸೈಕಲ್ ತುಳಿದು ಬರುತ್ತಿದ್ದ ಹುಡುಗಿಯ ರಕ್ತ ಅದು. ಈಗಿನ ದಾಕ್ಷಾಯಿಣಿ ಸಂಸ್ಥೆಯ ಕಾರಿನಲ್ಲಿ ಬರುತ್ತಿದ್ದಳು, ಒಂದು ಸಭೆಯಿಂದ ಇನ್ನೊಂದು ಸಭೆಗೆ ಹೋಗಿ ಬಿಸ್ಕತ್ತು ತಿನ್ನುತ್ತಿದ್ದಳು. ಸೊಂಟದ ಸುತ್ತ ಬಂದದ್ದನ್ನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದಳು.

ಖಾಲಿ ಪಟ್ಟಿಯೊಂದರ ಸೊನ್ನೆಯ ಕಿಂಡಿಗೆ ಹಳೆಯ ರಕ್ತಸಾರ ಹಾಕಿದಳು. ಇನ್ನೊಂದಕ್ಕೆ ಬೆರಳು ಚುಚ್ಚಿ ಈಗಿನ ಹನಿ ಬಿಟ್ಟಳು. ಕಿಟಕಿಯಾಚೆ ಹುಲ್ಲುಗಾವಲಿನ ಮೇಲೆ ಬಿಸಿಲು ಏರುತ್ತಿತ್ತು. ಅವಳು ಪಟ್ಟಿಯನ್ನು ನೋಡದೆ ಅದನ್ನೇ ನೋಡುತ್ತ ಕೂತಳು. ತಿರುಗಿದಾಗ ಕಂದು ಗೆರೆ ಎದ್ದು ನಿಂತಿತ್ತು. ಹಳೆಯದು ಶೀತದಲ್ಲೇ ಚೂರು ಕೆಟ್ಟಿದ್ದರೆ ವ್ಯತ್ಯಾಸ ಕಡಿಮೆಯೇ ಕಾಣಬೇಕಿತ್ತು, ಅಂದರೆ ನಿಜ ಇದಕ್ಕಿಂತಲೂ ಕಡುವಾಗಿರಬೇಕು. ಅಂದಿನ ಅವಳು ಇಂದಿನ ಅವಳಿಗೆ ರೋಗವಿದೆ ಎಂದು ಹೇಳಿದ್ದಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಸಿಬ್ಬಂದಿಯ ಮನೆಯವರೆಲ್ಲ ವರ್ಷಕ್ಕೊಮ್ಮೆ ಸಂಶೋಧನೆಗೆಂದು ರಕ್ತ ಕೊಡುತ್ತಿದ್ದರು. ಎರಡು ಯುಗಾದಿಯ ಹಿಂದೆ ಅಣ್ಣ ಕೊಟ್ಟದ್ದೂ ಇತ್ತು. ಉಳಿದ ಎರಡು ಹನಿ ಹಳೆಯ ಸೊನ್ನೆಯ ಎದುರು ಅದನ್ನು ತೂಗಿ ನೋಡಿದಳು. ಗೆರೆ ಮೂಡಲು ಕಾಯಬೇಕಾಗಲಿಲ್ಲ. ಆಗಲೇ ತಿಳಿದಿದ್ದರೆ ಪಥ್ಯ, ಔಷಧಿಗಳಲ್ಲಿ ನಿಲ್ಲಿಸಬಹುದಾದ ಕಾಯಿಲೆ. ತನ್ನ ರಕ್ತದ ಕಮಟು ಅಣ್ಣನ ಕಮಟನ್ನು ಮುಚ್ಚಿಟ್ಟಿತ್ತು. ಪಟ್ಟಿ ಸುಳ್ಳು ಹೇಳಿರಲಿಲ್ಲ. ನೀನು ನಿನ್ನ ತಂಗಿಗಿಂತ ಕೆಟ್ಟಿಲ್ಲ ಎಂದಷ್ಟೇ ಹೇಳಿತ್ತು. ದಾಕ್ಷಾಯಿಣಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

ಅಳುತ್ತಿರುವಾಗಲೇ ಒಂದು ಯೋಚನೆ ಬಂತು, ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಯಾರಿಗೂ ಹೇಳದಿದ್ದರೆ? ಆಸ್ಪತ್ರೆಯವರ ಬಳಿ ತನ್ನ ಬಿಳಿ ಪಟ್ಟಿ ಇದೆ. ಒಂದಿಷ್ಟು ಕಮಟಾದರೇನು, ಅಣ್ಣ ಉಳಿದರೆ ಸಾಕು. ಆದರೆ ಕುಡಿಯದವರಲ್ಲಿ ಕಮಟು ಎಂದರೆ ಯಕೃತ್ತಿನ ಕೊಬ್ಬು, ಕೊಬ್ಬು ತುಂಬಿದ ಅರ್ಧ ಯಕೃತ್ತು ಅವನಲ್ಲಿ ಕಚ್ಚಿಕೊಳ್ಳದೆ ಹೋಗಬಹುದು, ತನ್ನಲ್ಲಿ ಉಳಿದ ಅರ್ಧ ತನಗೇ ಸಾಲದಿರಬಹುದು. ಒಂದೇ ಮನೆಯಿಂದ ಎರಡು ಹೆಣ. ಮೇಲಾಗಿ ಆ ಬಿಳಿಯನ್ನೇ ನಂಬಿ ಬಾಗಿಲಿಗೆ ಕಟ್ಟಿಕೊಂಡ ಮನೆಗಳು ಎಷ್ಟೋ.

ಡಾಕ್ಟರ್ ನೂರುನ್ನೀಸಾ ಎರಡು ಪಟ್ಟಿಗಳನ್ನೂ ಕನ್ನಡಕ ತೆಗೆದು ಬಹಳ ಹೊತ್ತು ನೋಡಿದರು. ಅವರ ಮೇಜಿನ ಮೇಲೆ ಆಹ್ವಾನಪತ್ರಿಕೆಯೊಂದಿತ್ತು. ರಾಜ್ಯದಲ್ಲಿ ಯಕೃತ್ತಿನ ರೋಗ ಎರಡೇ ವರ್ಷದಲ್ಲಿ ಅರ್ಧಕ್ಕಿಳಿದದ್ದಕ್ಕೆ ಸಂಸ್ಥೆಗೆ ಸನ್ಮಾನ.

"ಅರ್ಧಕ್ಕೆ ಇಳಿದಿದ್ದು ರೋಗ ಅಲ್ಲ, ಮೇಡಂ" ಎಂದಳು ದಾಕ್ಷಾಯಿಣಿ.

"ಗೊತ್ತಾಯ್ತಮ್ಮ." ಅವರು ಪತ್ರಿಕೆಯನ್ನು ಮಗುಚಿ ಇಟ್ಟರು. "ಎರಡನೇ ಸಲ ನಿನ್ನ ತೋಳು ಹಿಡಿದಿದ್ದು ನಾನೇ ಅಲ್ವಾ. ಮೊದಲು ಒಂದು ಪರೀಕ್ಷೆ ಮಾಡೋಣ ಅಂತ ನನಗೆ ಹೊಳೀಲೇ ಇಲ್ಲ. ನಿನ್ನನ್ನ ಮನುಷ್ಯಳು ಅಂತ ನೋಡೋದೇ ಬಿಟ್ಟುಬಿಟ್ಟಿದ್ವಿ."

"ನಾನೂ ಬಿಟ್ಟಿದ್ದೆ."

"ಇವತ್ತೇ ಮೇಲಿನವರಿಗೆ ತಿಳಿಸ್ತೀನಿ. ಈ ಸಲದ ಪಟ್ಟಿ ಯಾರೂ ಬಳಸಬಾರದು, ಎರಡು ವರ್ಷದ ಬಿಳಿ ಯಾರೂ ನಂಬಬಾರದು. ಬೈಸಿಕೊಳ್ಳೋದು ನನ್ನ ಪಾಲಿಗಿರಲಿ." ಅವರು ಫೋನಿನತ್ತ ಕೈ ಚಾಚಿದರು. "ಮನೆಯಲ್ಲಿ ಹೇಳೋದು ಮಾತ್ರ ನಿನ್ನ ಪಾಲು. ಅದು ನನ್ನ ಕೈಲಾಗಲ್ಲ."

ದಾಕ್ಷಾಯಿಣಿಯ ಕೈಲೂ ಆಗಲಿಲ್ಲ, ಆ ದಿನ. ಸುದ್ದಿ ಇನ್ನೂ ಹೊರಗೆ ಬಂದಿರಲಿಲ್ಲ. ಯುಗಾದಿಯ ಬೆಳಿಗ್ಗೆ ಬೇವು-ಬೆಲ್ಲವಾಯಿತು. ತಿಪ್ಪೇರುದ್ರ ದಿಂಬಿಗೊರಗಿ ಕೂತಿದ್ದ, ಹೊಟ್ಟೆ ಉಬ್ಬಿ ಹೊಸ ಅಂಗಿಯ ಗುಂಡಿ ಹಾಕಲಾಗಿರಲಿಲ್ಲ. ಆದರೂ ಪಂಚಾಂಗದಲ್ಲಿ ತನ್ನ ರಾಶಿಗೆ ಆದಾಯ ಜಾಸ್ತಿ, ವ್ಯಯ ಕಮ್ಮಿ ಎಂದು ಬಂದದ್ದನ್ನು ಹಿಡಿದು ತಮಾಷೆ ಮಾಡುತ್ತಿದ್ದ. "ಅರ್ಧ ಲಿವರ್ ಆದಾಯ ಬತ್ತಾ ಐತಲ್ಲ, ಅದೇ ಇರ್ಬೇಕು." ಹಾಲಮ್ಮ ಪೊಟ್ಟಣ ಒಡೆದು ಸೂಜಿ ಕೈಗೆತ್ತಿಕೊಂಡಳು.

"ಚುಚ್ಚಬೇಡಿ ಅತ್ತಿಗೆ" ಎಂದಳು ದಾಕ್ಷಾಯಿಣಿ.

ಆಮೇಲೆ ಎಲ್ಲವನ್ನೂ ಹೇಳಿದಳು. ತಕ್ಕಡಿ ಸರಿ ಇತ್ತು ಅಣ್ಣ, ತೂಕದ ಕಲ್ಲೇ ಸರಿ ಇರಲಿಲ್ಲ ಎಂದಳು. ಆ ಕಲ್ಲು ನಾನು ಎಂದಳು. ಮುಂದಿನ ವಾರದ ಶಸ್ತ್ರಚಿಕಿತ್ಸೆ ನಡೆಯುವುದಿಲ್ಲ ಎಂದಳು. ಹೇಳಿ ಮುಗಿಸುವವರೆಗೂ ಯಾರ ಮುಖವನ್ನೂ ನೋಡಲಿಲ್ಲ.

ಮೊದಲು ಎದ್ದವಳು ಹಾಲಮ್ಮ. ಬಾಗಿಲಿಗೆ ಹೋಗಿ, ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು, ಚೌಕಟ್ಟಿಗೆ ಅಂಟಿಕೊಂಡಿದ್ದ ಪಟ್ಟಿಗಳನ್ನೆಲ್ಲ ಕಿತ್ತಳು. ತೋರಣವೂ ಅದರ ಜೊತೆ ಕಿತ್ತು ಬಂತು.

"ಅರಿಶಿನ ಕುಂಕುಮ ಇಟ್ಟು ಕಟ್ಟಿದ್ನಲ್ಲೇ ಇದ್ನ! ಕಾಲ್ ನೋವು, ಸುಸ್ತು ಅಂತ ಅವರಂದಾಗೆಲ್ಲ, ಸುಮ್ನಿರ್ರಿ ದಾಕ್ಷಿ ಪಟ್ಟಿ ಬಿಳಿ ಅಂದೈತೆ, ಅಂತ ನಾನೇ ಬಾಯಿ ಮುಚ್ಚಿಸಿದ್ದೆ. ನಾನೇ ಕಣೇ!" ಅವಳು ಪಟ್ಟಿಗಳನ್ನು ನಾದಿನಿಯ ಮಡಿಲಿಗೆ ಎಸೆದು ಅಡುಗೆಮನೆಗೆ ಹೋದಳು. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು.

ತಿಪ್ಪೇರುದ್ರ ತಂಗಿಯ ಮಡಿಲಿನಿಂದ ಒಂದು ಪಟ್ಟಿ ಎತ್ತಿ ತಿರುಗಿಸಿ ನೋಡಿದ.

"ನಿಂಗೂ ಐತೆ ಅಂದಂಗಾಯ್ತು, ಕಾಯಿಲೆ" ಎಂದ.

"ಹೂಂ. ಶುರು ಅಷ್ಟೇ."

"ಬಿಡಿಸ್ಕೋಬಹುದಾ?"

"ಕೊಬ್ಬು ಇಳಿಸಿದ್ರೆ ಲಿವರ್ ತಾನೇ ಸರಿಯಾಗ್ತದೆ. ತಿಂಗಳುಗಟ್ಟಲೆ ಬೇಕು. ಅಷ್ಟು ದಿನ ನೀನು…"

"ನನ್ ವಿಷ್ಯ ಆಮೇಲೆ. ಈ ಬಿಳಿ ಎಷ್ಟ್ ಮನೇಗೆ ಹೋಗೈತೆ?"

"ಲಕ್ಷಗಟ್ಟಲೆ ಅಣ್ಣ."

ಅವನು ಕಣ್ಣು ಮುಚ್ಚಿ ತಲೆ ಆಡಿಸಿದ. "ಎಲ್ಲ ಕಡೆ ಹೇಳಿ ಬಿಡ್ರಿ. ನಂಗೆ ಹಳದಿ ಬಂದ್ಮೇಲೆ ಗೊತ್ತಾಯ್ತು. ಇನ್ನೂ ಹಳದಿ ಬರದೇ ಇರೋರು ಇರ್ತಾರಲ್ಲ."

ತಂಗಿಯ ತಪ್ಪನ್ನು ಅವನು ಮನ್ನಿಸಿದನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಸುದ್ದಿ ಹೊರಬಿದ್ದ ವಾರ ಸಂಶೋಧನಾಲಯದ ಗೇಟಿನ ಮುಂದೆ ಜನವೋ ಜನ. ಕೂಗಿದರು, ಕಲ್ಲು ತೂರಿದರು, ಕ್ಯಾಮೆರಾದವರು ಬಂದರು. ಸನ್ಮಾನ ರದ್ದಾಯಿತು, ವಿಚಾರಣೆ ಶುರುವಾಯಿತು. ಆಸ್ಪತ್ರೆಗಳ ಮೂಲೆಯಲ್ಲಿ ಪಟ್ಟಿ ಬಂದಮೇಲೆ ಧೂಳು ಹಿಡಿದಿದ್ದ, ಯಕೃತ್ತಿನ ಕೊಬ್ಬು ಅಳೆಯುವ ಸ್ಕ್ಯಾನು ಯಂತ್ರಗಳ ಮುಂದೆ ಬೆಳಕು ಹರಿಯುವ ಮುಂಚೆಯೇ ಸಾಲು ನಿಲ್ಲತೊಡಗಿತು. ದಾಕ್ಷಾಯಿಣಿಗೆ ಆ ಗದ್ದಲದಲ್ಲಿ ನೆನಪುಳಿದದ್ದು ಒಬ್ಬಳೇ. ಪರಶುರಾಂಪುರದ ಕಡೆಯಿಂದ ಬಂದ ಹೆಂಗಸು, ಕೂಗಾಟವೆಲ್ಲ ಮುಗಿದ ಮೇಲೆ ಗೇಟಿನ ಸರಳು ಹಿಡಿದು ನಿಂತಿದ್ದಳು.

"ನಿಮ್ಮ ರಕ್ತಾನಾ ಅದು?" ಎಂದು ಕೇಳಿದಳು.

"ಹೌದಮ್ಮ."

"ನಮ್ಮನೆಯೋರು ಹೋದ ಕಾರ್ತೀಕದಾಗೆ ಹೋದ್ರು. ಬಾಗಿಲಾಗೆ ಬಿಳಿ ಇನ್ನೂ ಹಂಗೇ ಐತೆ." ಸ್ವಲ್ಪ ಹೊತ್ತು 	ದಾಕ್ಷಾಯಿಣಿಯ ಮುಖವನ್ನೇ ನೋಡಿ, "ನಿಮ್ಗೂ ಕಾಯಿಲೆ ಅಂತೆ. ಔಷಧಿ ತಗೊಳ್ರಿ" ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ದಾಕ್ಷಾಯಿಣಿಗೆ ಬಹಳ ದಿನ ಅನ್ನಿಸಿತು.

ಈಗ ಹೊಸ ಸೊನ್ನೆ ಬೇಕಿತ್ತು, ಒಬ್ಬರದಲ್ಲ, ನೂರಾರು ಜನರದು. ಪ್ರತಿಯೊಬ್ಬರನ್ನೂ ಸ್ಕ್ಯಾನು ಮಾಡಿ, ರಕ್ತ ಬೆರೆಸಿ, ವರ್ಷವರ್ಷವೂ ಬೇರೆ ಊರಿನ ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಬೇಕು. ನೂರುನ್ನೀಸಾ ಕೆಲಸ ಕಳೆದುಕೊಳ್ಳುವ ಮುನ್ನ ಇದಿಷ್ಟನ್ನು ಒಪ್ಪಿಸಿಯೇ ಕುರ್ಚಿ ಬಿಟ್ಟರು. ಆದರೆ ರಕ್ತ ಕೊಡುವವರು ಯಾರು? ಪುರಭವನದಲ್ಲಿ ಶಿಬಿರ ಹಾಕಿದರೆ ಖಾಲಿ ಕುರ್ಚಿಗಳು. ಮೊನ್ನೆಯವರೆಗೆ ಬಾಗಿಲಿಗೆ ಬಿಳಿ ಕಟ್ಟಲು ಮುಗಿಬೀಳುತ್ತಿದ್ದ ಊರು ಈಗ ಸೂಜಿ ಕಂಡರೆ ದಾರಿ ಬದಲಿಸುತ್ತಿತ್ತು. ನಾಳೆ ನಮ್ಮ ರಕ್ತದಿಂದ ಇನ್ಯಾರದೋ ಮನೆ ಹಾಳಾದರೆ ಆ ಪಾಪ ಯಾರಿಗೆ ಬೇಕು ಎಂಬುದು ಒಂದು ಮಾತು. ಸ್ಕ್ಯಾನಿನಲ್ಲಿ ನಮ್ಮದೇ ಏನಾದರೂ ಹೊರಬಿದ್ದರೆ ಎಂಬುದು ಆಡದ ಮಾತು.

ಶಿಬಿರದ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಹಾಲಮ್ಮ ಬಂದಳು. ಹಬ್ಬದ ದಿನದಿಂದ ಅವಳು ನಾದಿನಿಯ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು, ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದಳು. ಇಲ್ಲಿ ಸೀದಾ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದಳು.

"ನನ್ನದು ಚೆನ್ನಾಗೈತಾ ಇಲ್ವಾ, ಮೊದ್ಲು ಸರಿಯಾಗಿ ನೋಡ್ಕೊಳ್ರಿ. ಸರಿ ಇದ್ರೆ ಮಾತ್ರ ತಗೊಳ್ರಿ."

"ಅತ್ತಿಗೆ…"

"ನಿಂಗೋಸ್ಕರ ಬಂದಿಲ್ಲ ಕಣೆ. ನೀನು ಸರಿ ಹೋಗ್ತಾ ಇದೀಯೋ ಇಲ್ವೋ ಅಂತ ತಿಳಿಯಕ್ಕೆ ಸರಿಯಾದ ಪಟ್ಟಿ ಬೇಕಲ್ಲ. ಇಲ್ದಿದ್ರೆ ಅವರು ಉಳಿಯೋದು ಹೆಂಗೆ?" ಎಂದು ಹೇಳಿದವಳು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ಅವಳು ಹೊರಗೆ ಹೋಗಿ ಓಣಿಯಲ್ಲಿ ಏನು ಹೇಳಿದಳೋ, ಸಂಜೆಗೆ ಆ ಓಣಿಯ ಹೆಂಗಸರು ಬಂದರು. ಆಮೇಲೆ ಅವರ ಗಂಡಂದಿರು ಬಂದರು, ಗೊಣಗುತ್ತ.

ಅಲ್ಲಿಂದ ಮುಂದೆ ಮನೆಯಲ್ಲಿ ನಡೆದದ್ದು ವಿಚಿತ್ರವಾದ ಓಟ. ಒಬ್ಬರ ಯಕೃತ್ತು ಸರಿಹೋಗಬೇಕು, ಇನ್ನೊಬ್ಬರದು ಅಲ್ಲಿಯವರೆಗೆ ತಡೆಯಬೇಕು. ಶೇಂಗಾ ಒಣಗಿಸುವ ಮಿಲ್ಲಿನ ಅಂಗಳದಲ್ಲಿ ದಾಕ್ಷಾಯಿಣಿ ಬೆಳಿಗ್ಗೆ ಸಂಜೆ ಸುತ್ತು ಹಾಕುತ್ತಿದ್ದಳು. ತಿಪ್ಪೇರುದ್ರ ಗೇಟಿನ ಪಕ್ಕ ಮಂಚ ಹಾಕಿಸಿಕೊಂಡು ಕೂತು ಕಾವಲು ಕಾಯುತ್ತಿದ್ದ. "ಆ ಗೋಡೆ ಮುಟ್ಲಿಲ್ಲ, ನಾನ್ ನೋಡ್ದೆ! ಮುಟ್ಟಿ ಬಾ ಹೋಗು. ನನ್ ಲಿವರ್ ಜೊತೆ ಮೋಸ ಮಾಡ್ತೀಯ?" ಎಂದು ಕೂಗುತ್ತಿದ್ದ. ಹಾಲಮ್ಮ ಇಬ್ಬರಿಗೂ ಒಂದೇ ಪಥ್ಯ ಮಾಡಿದಳು, ಎಣ್ಣೆ ಕಾಣದ ಪಲ್ಯ, ಉಪ್ಪಿಲ್ಲದ ಸಾರು, ಸಿಹಿ ಎಂದರೆ ಹೆಸರು ಮಾತ್ರ. ಎಣ್ಣೆ ಮಿಲ್ಲಿನ ಮನೆಯಲ್ಲಿ ಒಗ್ಗರಣೆಯ ಸದ್ದೇ ನಿಂತುಹೋಯಿತು.

ಹೊಸ ಸೊನ್ನೆಯ ಎದುರು ದಾಕ್ಷಾಯಿಣಿಯ ಗೆರೆ ತಿಂಗಳು ತಿಂಗಳಿಗೆ ತಿಳಿಯಾಗುತ್ತ ಬಂತು. ಅಣ್ಣನೂ ಬೇರೆ ರೀತಿಯಲ್ಲಿ ತಿಳಿಯಾಗುತ್ತಿದ್ದ. ಎರಡು ಸಲ ರಕ್ತ ಕಾರಿಕೊಂಡು ಆಸ್ಪತ್ರೆಗೆ ಸೇರಿದ. ಒಮ್ಮೆ ಒಂದಿಡೀ ದಿನ ತಂಗಿಯ ಗುರುತು ಹಿಡಿಯದೆ, ಯಾರೋ ಗಿರಾಕಿ ಎಂದುಕೊಂಡು, ಶೇಂಗಾ ಹಿಂಡಿಗೆ ಇವತ್ತು ಬನ್ನಿ ನಾಳೆ ಬನ್ನಿ ಎಂದು ಸಬೂಬು ಹೇಳಿದ. ಆ ಸಂಜೆ ದಾಕ್ಷಾಯಿಣಿ ಅಂಗಳದಲ್ಲಿ ಓಡುತ್ತಲೇ ಅಳುತ್ತಿದ್ದಳು, ಅಳುತ್ತಲೇ ಪ್ರತಿಸಲವೂ ಗೋಡೆ ಮುಟ್ಟಿ ಬರುತ್ತಿದ್ದಳು. ಕೂಗುವವನು ಮಂಚದ ಮೇಲೆ ಇರಲಿಲ್ಲ.

ಶ್ರಾವಣದ ಕೊನೆಗೆ ಹೊಸ ಸೊನ್ನೆಯ ಎದುರು ಅವಳ ರಕ್ತ ತೂಗಿ, ಸ್ಕ್ಯಾನನ್ನೂ ಜೊತೆಗಿಟ್ಟು ನೋಡಿ, ವೈದ್ಯರು ಸಾಕು ಎಂದರು. ಪೂರಾ ಬಿಳಿಯಲ್ಲ, ಆದರೆ ಸಾಕು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದು ಅವರು ಆಮೇಲೆ ಹೇಳಿದರು. ಇಬ್ಬರನ್ನೂ ಅಕ್ಕಪಕ್ಕದ ಕೋಣೆಗಳಲ್ಲಿ ಮಲಗಿಸಿ ಕೊಯ್ದರು, ಹೊಲಿದರು. ಒಂದು ಯಕೃತ್ತು ಎರಡು ಮೈಯಲ್ಲಿ ಬೆಳೆಯತೊಡಗಿತು.

ಮುಂದಿನ ಯುಗಾದಿಗೆ ಹೊಸ ಪಟ್ಟಿ ಬಂತು. ಅದು ಬಿಳಿ-ಕಂದು ಎಂದು ತೀರ್ಪು ಕೊಡುತ್ತಿರಲಿಲ್ಲ, ಇದ್ದಷ್ಟು ಬಣ್ಣ ತೋರಿಸುತ್ತಿತ್ತು. ಊರಿನಲ್ಲಿ ತೀರಾ ಬಿಳಿ ಹೆಚ್ಚುಕಡಿಮೆ ಯಾರಿಗೂ ಬರಲಿಲ್ಲ. ಹೆಣ್ಣು ನೋಡಲು ಬರುವವರಿಗೆ ಬಾಗಿಲಲ್ಲಿ ನೋಡುವುದಕ್ಕೆ ಮಾವಿನ ಎಲೆ ಬಿಟ್ಟು ಏನೂ ಉಳಿಯಲಿಲ್ಲ. ಹಾಲಮ್ಮ ಬೇವು-ಬೆಲ್ಲ ಹಂಚಿ, ಗಂಡನ ಬೆರಳು ಚುಚ್ಚಿ, ನಾದಿನಿಯ ಮುಂದೆ ಸೂಜಿ ಹಿಡಿದಳು.

"ಅವ್ಳಿಗೂ ಚುಚ್ಚು, ಬಿಡಬೇಡ" ಎಂದ ತಿಪ್ಪೇರುದ್ರ. ಕಣ್ಣು ಬೆಳ್ಳಗಾಗಿತ್ತು, ಹೊಸ ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ.

ಎರಡು ಪಟ್ಟಿಗಳನ್ನೂ ತಟ್ಟೆಯಲ್ಲಿಟ್ಟು ಹಾಲಮ್ಮ ಒಲೆಯ ಮೇಲಿನ ಹೂರಣ ತಿರುವಲು ಓಡಿದಳು. ವಾಪಸು ಬಂದು ನೋಡಿದರೆ ಎರಡರಲ್ಲೂ ತೆಳ್ಳನೆಯ ಗೆರೆ, ಶೇಂಗಾ ಸಿಪ್ಪೆಯ ಒಳಮೈಯ ಬಣ್ಣದ್ದು. ಎರಡರಲ್ಲೂ ಅದೇ ಬಣ್ಣ, ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅವಳು ಒಂದನ್ನು ಎತ್ತಿ ನೋಡಿದಳು, ಇನ್ನೊಂದನ್ನು ಎತ್ತಿ ನೋಡಿದಳು.

"ಥೋ, ಹೆಸರು ಬರೆಯೋದು ಮರ್ತೇಬಿಟ್ಟೆ. ಯಾವ್ದು ಯಾರ್ದು ದಾಕ್ಷಿ?"

ಹೆಸರಿಲ್ಲದ ಮಾದರಿಯನ್ನು ಎಸೆದುಬಿಡಬೇಕು. ಪ್ರಯೋಗಾಲಯಕ್ಕೆ ಕಾಲಿಟ್ಟ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಎಷ್ಟೋ ಜನರಿಗೆ ಅವಳೇ ಹೇಳಿಕೊಟ್ಟಿದ್ದಳು, ತಪ್ಪಿದವರನ್ನು ಬೈದಿದ್ದಳು. ದಾಕ್ಷಾಯಿಣಿ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದಳು.

"ಗೊತ್ತಾಗ್ತಿಲ್ಲ ಅತ್ತಿಗೆ" ಎಂದು, ಎರಡನ್ನೂ ಒಟ್ಟಿಗೇ ದೇವರ ಮುಂದೆ ಇಟ್ಟಳು.